ಡ್ಯಾಮಿನ ಕುಚ್ಚು ಮೀನೂ ನಮ್ಮ ಅಪ್ಪಾಜಿನೂ

ಗಾಳ ತಗೊಂಡು ಡ್ಯಾಮಿಗೆ ಹೋದಾಗ್ಲೆಲ್ಲ ನಂಗೆ ಏನಾದ್ರೂ ಒಂದು ಆಗೇ ಆಗುತ್ತೆ ಕಣ್ರೀ, ಮೀನು ಸಿಗೋದೊಂದು ಬಿಟ್ಟು. ನಮ್ದು ಅಜ್ಜಂಪುರ, ಅಪ್ಪಾಜಿದು ದಿನಸಿ ಅಂಗಡಿ, ಮನೇಲಿ ಮೊಟ್ಟೆ ಅನ್ನೋ ಮಾತೂ ಆಡಂಗಿಲ್ಲ. ನಾನೂ ತಿನ್ನಲ್ಲ. ಹಿಡಿಬೇಕು, ಅಷ್ಟೇ. ಅದೂ ಕುಚ್ಚು ಮೀನೇ ಆಗ್ಬೇಕು, ಹಾವಿನ ಥರ ತಲೆ, ಕಚ್ಚಿದ್ರೆ ಕೋಲನ್ನೇ ಕಿತ್ಕೊಂಡು ಹೋಗುತ್ತೆ. ಒಂದಾದ್ರೂ ಹಿಡಿದೇ ಹಿಡೀತೀನಿ ಅಂತ ಬಸ್‌ಸ್ಟ್ಯಾಂಡ್ ಟೀ ಅಂಗಡೀಲಿ ಎಲ್ಲರ ಮುಂದೆ ಹೇಳ್ಬಿಟ್ಟಿದ್ದೆ. ಹೇಳಬಾರ್ದಿತ್ತು. ಭಾನುವಾರ ಬಂತು ಅಂದ್ರೆ ಮನೇಲಿ ಕಂಪ್ಯೂಟರ್ ಕ್ಲಾಸು ಅಂತ ಹೇಳಿ ತರೀಕೆರೆ ಬಸ್ ಹತ್ತೋದು, ಅಲ್ಲಿಂದ ಗೆಳೆಯನ ಆಟೋದಲ್ಲಿ ಗುಡ್ಡದ ನಡುವಿನ ಡ್ಯಾಮಿಗೆ.

ಬೇಸಿಗೆ

ಕುಚ್ಚು ಮೀನಿಗೆ ಕಪ್ಪೆಮರಿ ಅಂದ್ರೆ ಪ್ರಾಣ. ಅಮ್ಮನ ಉಪ್ಪಿನಕಾಯಿ ಡಬ್ಬಿ ತೊಳೆದು ಅದ್ರಲ್ಲಿ ಕಪ್ಪೆಮರಿ ಹಾಕ್ಕೊಂಡು ಬಸ್ ಹತ್ತಿದೆ. ಒಂದು ಹಂಪ್ ಬಂತು ನೋಡಿ, ಮುಚ್ಚಳ ಹಾರ್ತು, ಕಪ್ಪೆಗಳೂ ಹಾರಿದ್ವು. ಒಂದು ಡ್ರೈವರ್ ಹೆಗಲ ಮೇಲೆ, ಇನ್ನೊಂದು ಯಾರದೋ ಹೂವಿನ ಬುಟ್ಟಿಗೆ. ಕಂಡಕ್ಟರ್ ಸೀದಾ ನನ್ನ ಹತ್ರ ಬಂದ್ರು. "ಲಗೇಜು ಆದ್ರೆ ಸುಮ್ನೆ ಕೂತಿರ್ಬೇಕು, ಪ್ಯಾಸೆಂಜರ್ ಆದ್ರೆ ಟಿಕೆಟ್ ತಗೋಬೇಕು. ಇವು ಯಾವ್ದಪ್ಪಾ?"

ಎರೆಹುಳ ಹಾಕ್ಕೊಂಡು ಸಂಜೆ ತನಕ ಕೂತೆ. ಕುಚ್ಚು ಮೂಸೂ ನೋಡ್ಲಿಲ್ಲ. ಬರೋವಾಗ ದಡದ ಕೆಸರಲ್ಲಿ ಹೊಸ ಚಪ್ಪಲಿ ಒಂದು ಹೂತೋಯ್ತು. ಒಂಟಿ ಚಪ್ಪಲೀಲಿ ಬಸ್ ಹತ್ತಿದ್ರೆ ಅದೇ ಕಂಡಕ್ಟರು. ಕಾಲು ನೋಡಿದ್ರು. "ಅದೂ ಹಾರ್ಕೊಂಡು ಹೋಯ್ತಾ?" ಅಂದ್ರು.

ಮಳೆಗಾಲ

ನೀರು ಏರಿತ್ತು, ಬೇಸಿಗೇಲಿ ನಾವು ಓಡಾಡಿದ್ದ ಜಾಗ ಎಲ್ಲ ಮುಳುಗಿತ್ತು. ಗಾಳ ಎಳೆದ್ರೆ ಭಾರ ಅಂದ್ರೆ ಭಾರ. "ಬಿಡ್ಬೇಡ ಕಣೋ, ಅವ್ನೇ ಅವ್ನೇ" ಅಂತ ಗೆಳೆಯ ನನ್ನ ಸೊಂಟ ಹಿಡ್ಕೊಂಡ. ಟೀ ಅಂಗಡಿಯವರ ಮುಖ ಎಲ್ಲ ಕಣ್ಮುಂದೆ ಬರ್ತಿದೆ. ಮೇಲೆ ಬಂದಿದ್ದು ಒಂದು ಸೇರು ಕೆಸರು ತುಂಬ್ಕೊಂಡಿದ್ದ ನನ್ನದೇ ಚಪ್ಪಲಿ.

ಗೆಳೆಯ ತೊಳೆದು ಕೊಟ್ಟ. "ಬೇಜಾರ್ ಮಾಡ್ಕೋಬೇಡ ಕಣೋ, ಜೋಡಿ ಆಯ್ತಲ್ಲ."

ಎಲ್ಲಿ ಜೋಡಿ. ಒಂಟೀದು ಇಟ್ಕೊಂಡು ಏನ್ಮಾಡೋದು ಅಂತ ಇನ್ನೊಂದನ್ನ ಹಿಂದಿನ ವಾರ ತಾನೇ ಎಸೆದಿದ್ದೆ.

ಚಳಿಗಾಲ

ಕಂಪ್ಯೂಟರ್ ಕಲಿಯೋನ ಪ್ಯಾಂಟು ತುಂಬ ಕೆಸರು ಯಾಕೆ ಅಂತ ಅಪ್ಪಾಜಿಗೆ ಅನುಮಾನ. ಒಂದು ಭಾನುವಾರ ನನ್ನ ಹಿಂದೇನೇ ಇನ್ನೊಂದು ಬಸ್ಸಲ್ಲಿ ಹೊರಟ್ರು. ದಾರಿ ಹೇಳಿದ್ದೂ ಅದೇ ಕಂಡಕ್ಟರು: "ಕಪ್ಪೆ ಹುಡುಗ್ನಾ? ಡ್ಯಾಮಲ್ಲಿ ಇರ್ತಾನೆ ನೋಡಿ."

ಅವತ್ತು ಗೆಳೆಯನಿಗೆ ಬೇರೆ ಬಾಡಿಗೆ, ದಡದಲ್ಲಿ ನಾನೊಬ್ಬನೇ. ಹಿಂದೆ ತಿರುಗಿದ್ರೆ ಹಣೆ ತುಂಬ ವಿಭೂತಿ, ಕಂಕುಳಲ್ಲಿ ಛತ್ರಿ, ಅಪ್ಪಾಜಿ.

"ಇದೇನೋ ನಿನ್ನ ಕಂಪ್ಯೂಟರು?"

ಕೂರಕ್ಕೆ ಕಲ್ಲು ಒರೆಸಿಕೊಡೋಣ ಅಂತ, "ಒಂದ್ನಿಮಿಷ ಹಿಡ್ಕೊಳ್ಳಿ ಅಪ್ಪಾಜಿ" ಅಂದು ಗಾಳದ ಕೋಲು ಅವರ ಕೈಗೆ ಕೊಟ್ಟೆ. ಕೊಡಬಾರ್ದಿತ್ತು. ಕೋಲು ಬಿಲ್ಲಿನ ಥರ ಬಗ್ಗೋಯ್ತು.

ವರ್ಷವೆಲ್ಲ ನನ್ನ ಕಡೆ ತಿರುಗೂ ನೋಡದೇ ಇದ್ದ ಮೀನು ಕಣ್ರೀ. ಅಪ್ಪಾಜಿ ಪಂಚೆ ಸಮೇತ ಮೊಣಕಾಲು ತನಕ ನೀರಿಗೆ ಇಳಿದ್ರು. "ಏನ್ಮಾಡ್ಲೋ, ಏನ್ಮಾಡ್ಲೋ" ಅಂತ ಕೂಗ್ಕೊಂಡೇ ಎಳೆದು ದಡಕ್ಕೆ ಹಾಕಿದ್ರು. ನನ್ನ ತೋಳಷ್ಟು ಉದ್ದದ ಕುಚ್ಚು. ಮೊಬೈಲ್ ತೆಗೆದೆ.

"ಫೋಟೋ ಗೀಟೋ ತೆಗೆದ್ರೆ ನೋಡು, ನಿಮ್ಮಮ್ಮ ನನ್ನ ಹೊಸಿಲು ದಾಟಿಸಲ್ಲ."

ಮೆಲ್ಲಗೆ ಗಾಳ ಬಿಡಿಸಿದ್ರು, ಕೈ ಮುಗಿದ್ರು, "ತಪ್ಪಾಯ್ತಪ್ಪಾ, ಹೋಗು" ಅಂತ ನೀರಿಗೆ ಬಿಟ್ಬಿಟ್ರು. ಅದು ಬಾಲ ತಿರುಗಿಸಿದ್ದು ಈಗ್ಲೂ ಕಣ್ಣಲ್ಲೇ ಇದೆ. ಒಂದ್ಸಲ ಮುಟ್ಟಾದ್ರೂ ನೋಡ್ಬೇಕಿತ್ತು.

ಮಾರನೇ ದಿನ ಟೀ ಅಂಗಡೀಲಿ ಹೇಳಿದೆ. ನಂಬ್ತಾರಾ? ಎಲ್ಲ ಸೇರಿ ನಮ್ಮ ಅಂಗಡಿಗೇ ಬಂದ್ರು. "ಯಜಮಾನ್ರೇ, ನೀವು ಕುಚ್ಚು ಹಿಡಿದ್ರಂತೆ, ನಿಜಾನಾ?"

ಅಪ್ಪಾಜಿ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಶಿವ ಶಿವಾ. ಕಂಪ್ಯೂಟರ್ ಓದ್ತಾನಲ್ಲ, ತಲೆ ಬಿಸಿ ಆಗಿರ್ಬೇಕು."

ಎಲ್ಲ ನಗ್ತಾ ಹೋದ್ರು. ಈಗ ಬಸ್‌ಸ್ಟ್ಯಾಂಡಲ್ಲಿ ನನ್ನ ಹೆಸರೇ ಬುರುಡೆ. ಅವರು ಆ ಕಡೆ ಹೋಗ್ತಿದ್ದಂಗೇ ಅಪ್ಪಾಜಿ ಸುತ್ತ ನೋಡಿ, ಗಲ್ಲಾ ಮರೇಲಿ ಎರಡೂ ಕೈ ಅಗಲ ಮಾಡಿದ್ರು. "ಇಷ್ಟಿತ್ತಲ್ವೇನೋ?"

ಅಷ್ಟಿರ್ಲಿಲ್ಲ. "ಹೂಂ ಅಪ್ಪಾಜಿ" ಅಂದೆ.

"ಈ ಭಾನುವಾರ ಕ್ಲಾಸು ಇದ್ಯಾ?"

"ಇದೆ."

"ನಿಮ್ಮಮ್ಮಂಗೆ ಹೇಳು, ನಾನೂ ಕಂಪ್ಯೂಟರ್‌ಗೆ ಸೇರ್ಕೊಂಡೆ ಅಂತ."