ಹಂದಿ ಸಾಸೇಜೂ ನನ್ನ ಪಾಲಿನ ಬಿಸಿ ರೊಟ್ಟಿಯೂ

ಹೊಟ್ಟೆಕಿಚ್ಚು ಪಡುವವರು ಸಾಮಾನ್ಯವಾಗಿ ಅದನ್ನು ಒಪ್ಪಿಕೊಳ್ಳುವುದಿಲ್ಲ. ‘ನನಗೇನ್ ಹೊಟ್ಟಿಕಿಚ್ಚಿಲ್ಲಪಾ, ಆದ್ರೂ ಒಂದ್ ಮಾತು’ ಎಂದು ಶುರು ಮಾಡಿ ಒಂಬತ್ತು ಮಾತು ಆಡುತ್ತಾರೆ. ನಾನು ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಎದುರಾಳಿ ಹೇಳಬಹುದಾದದ್ದನ್ನು ನಾನೇ ಮೊದಲು ಹೇಳಿಬಿಟ್ಟರೆ ಅವನ ಬಾಯಿ ಕಟ್ಟುತ್ತದೆಂದು ಬಲ್ಲೆ. ಆದ್ದರಿಂದ ಹೇಳುತ್ತೇನೆ: ಕೊರ್ಲಹಳ್ಳಿಯ ದಾವಲಸಾಬನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವನು ಬಹಳ ಒಳ್ಳೆಯವನು ಎಂಬುದು ಇದಕ್ಕೆ ಉತ್ತರವಾಗುವುದಿಲ್ಲ, ಯಾಕೆಂದರೆ ಅದೇ ಮೂಲ ಕಾರಣ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು.

ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆಯಾದ ಹೊಸತು. ಊರಿನ ಬೋರ್ಡು ಬರೆಯುವವರಿಗೆ ಕೈತುಂಬ ಕೆಲಸ. ನಿನ್ನೆಯವರೆಗೆ ತಾಲೂಕಿನದಾಗಿದ್ದದ್ದೆಲ್ಲ ರಾತ್ರಿ ಕಳೆಯುವುದರೊಳಗೆ ‘ಜಿಲ್ಲಾ’ ಆಗಿತ್ತು. ಹಾಗೆ ಬಡ್ತಿ ಪಡೆದವರಲ್ಲಿ ನಾನೂ ಒಬ್ಬ. ಮೊದಲೆಲ್ಲ ಧಾರವಾಡಕ್ಕೆ ಹೋಗಿ, ಗಂಟಲು ಹರಿದುಕೊಂಡು, ಸಮಾಧಾನಕರ ಬಹುಮಾನ ಹಿಡಿದು ಅಸಮಾಧಾನದಿಂದ ಬೆಟಗೇರಿಗೆ ಮರಳುತ್ತಿದ್ದವನು ನಾನು. ಜಿಲ್ಲೆ ಒಡೆದ ಕೂಡಲೇ ನನ್ನನ್ನು ಸೋಲಿಸುತ್ತಿದ್ದವರೆಲ್ಲ ಆ ಕಡೆ ಉಳಿದರು, ನಾನು ಈ ಕಡೆ ಒಂದನೇ ನಂಬರಾದೆ. ಸರ್ಕಾರ ಜಿಲ್ಲೆ ಮಾಡಿದ್ದೇ ನನ್ನ ಸಲುವಾಗಿ ಎಂಬ ನನ್ನ ವಾದವನ್ನು ಇಂದಿಗೂ ಯಾರೂ ಖಂಡಿಸಿಲ್ಲ. ಯಾರಿಗೂ ಹೇಳಿಲ್ಲವೆಂಬುದು ಬೇರೆ ಮಾತು.

ಈ ಸುಖದ ನಡುವೆ ಪೌಷ್ಟಿಕ ಆಹಾರದ ಸಪ್ತಾಹ ಬಂತು. ಚರ್ಚಾಸ್ಪರ್ಧೆ ನಡೆಸುವ ಅಧಿಕಾರಿಗಳು ಎಲ್ಲಿಂದಲೋ ಒಂದು ಇಂಗ್ಲಿಷ್ ಪುಸ್ತಿಕೆ ತಂದು, ಅದರ ಅಧ್ಯಾಯಗಳ ತಲೆಬರಹಗಳನ್ನೆಲ್ಲ ಕನ್ನಡಕ್ಕೆ ಇಳಿಸಿ ಚೀಟಿ ಮಾಡಿದ್ದರು. ಹಿಂದಿನ ದಿನವೇ ಚೀಟಿ ಎತ್ತಬೇಕು. ಶಿರಹಟ್ಟಿಯ ಹುಡುಗಿಗೆ ಮೊಳಕೆ ಕಾಳು ಬಂತು, ಲಕ್ಷ್ಮೇಶ್ವರದವನಿಗೆ ಹಾಲು. ನನಗೂ ದಾವಲಸಾಬನಿಗೂ ಬಂದದ್ದು: ‘ಸಮತೋಲ ಆಹಾರದಲ್ಲಿ ಹಂದಿಮಾಂಸದ ಸಾಸೇಜಿನ ಪೌಷ್ಟಿಕ ಮೌಲ್ಯ’. ನಾನು ವಿರೋಧ, ಅವನು ಪರ.

ಸಭೆಯಲ್ಲಿ ಸಾಸೇಜು ಕಂಡವರು ಯಾರೂ ಇರಲಿಲ್ಲ. ಅಧಿಕಾರಿಗಳೇ ಚಿತ್ರ ನೋಡಿ ವಿವರಿಸಿದರು: “ಮಾಂಸ ಸಣ್ಣಗ ಕುಟ್ಟಿ, ಉಪ್ಪು ಮಸಾಲಿ ಕೂಡಿಸಿ, ತೆಳು ಚೀಲದಾಗ ತುಂಬಿ ಕೊಳವಿ ಹಂಗ ಮಾಡ್ತಾರಂತ.” ಆಮೇಲೆ ದಾವಲಸಾಬನ ಹೆಸರು ಓದಿ ಅವರಿಗೇ ಸಂಕೋಚವಾಯಿತು. “ತಮ್ಮಾ, ಬ್ಯಾರೆ ಚೀಟಿ ಎತ್ತತಿ ಏನು?” ಎಂದರು. ಅವನು ನಕ್ಕು, “ಇರ್ಲಿ ಬಿಡ್ರೀ ಸರ. ತಿನ್ನೂದು ಬ್ಯಾರೆ, ತಿಳ್ಕೊಳ್ಳೂದು ಬ್ಯಾರೆ” ಎಂದ. ಎಲ್ಲರೂ ತಲೆದೂಗಿದರು. ಈ ಮಾತು ನನಗೆ ಹೊಳೆಯಬೇಕಿತ್ತು. ಆದರೆ ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಮನೆಯಿಂದ ಬಂದ ನನ್ನನ್ನು ಯಾರೂ ಕೇಳಲೇ ಇಲ್ಲ. ನನ್ನ ಕಿಚ್ಚಿಗೆ ಅಲ್ಲಿಂದಲೇ ಊದುಗೊಳವೆ ಹತ್ತಿತು.

ದೂರದ ಸ್ಪರ್ಧಿಗಳು ಊರಿನ ಸ್ಪರ್ಧಿಗಳ ಮನೆಯಲ್ಲಿ ಉಳಿಯಬೇಕೆಂಬ ವ್ಯವಸ್ಥೆ. ದಾವಲಸಾಬ ನನ್ನ ಪಾಲಿಗೆ ಬಂದ. ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಕಡೆ ಯಾರ ಮೇಲೆ ಯಾರಿಗೆ ಎಷ್ಟು ಪ್ರೀತಿ ಎಂದು ತಿಳಿಯಲು ಬೇರೆ ಸಾಕ್ಷಿ ಬೇಕಿಲ್ಲ. ಹಂಚಿನ ಮೇಲಿಂದ ಉಬ್ಬಿದ ರೊಟ್ಟಿ ನೇರವಾಗಿ ಯಾರ ತಾಟಿಗೆ ಬೀಳುತ್ತದೆಂದು ನೋಡಿದರಾಯಿತು. ಇಪ್ಪತ್ತು ವರ್ಷಗಳಿಂದ ನನ್ನ ತಾಟಿನಲ್ಲಿರುವುದು ಮಾತ್ರ ಸೆಟೆದ ರೊಟ್ಟಿಯೇ. ಆ ಸಂಜೆ ದಾವಲಸಾಬನ ತಾಟಿನಿಂದ ಉಗಿ ಏಳುತ್ತಿತ್ತು.

ನಾನು ನಾಳೆಯ ವಾದವನ್ನು ಅಡುಗೆಮನೆಯಲ್ಲೇ ಮಂಡಿಸುತ್ತಿದ್ದೆ. ನಮ್ಮ ಜಿಲ್ಲೆಯಲ್ಲಿ ಇದನ್ನು ತಿನ್ನುವವರು ಇಲ್ಲ. ತಿನ್ನದ ವಸ್ತುವಿಗೆ ಪೌಷ್ಟಿಕ ಮೌಲ್ಯ ಇಲ್ಲ. ಆದ್ದರಿಂದ ವಿಷಯವೇ ಬಿದ್ದುಹೋಯಿತು! ಅವ್ವ ಏನೋ ಹೇಳಲು ಬಾಯಿ ತೆರೆದಳು. “ನಿನಗ ಇದು ತಿಳಿಯಂಗಿಲ್ಲ ಬಿಡವ್ವಾ, ತರ್ಕಶಾಸ್ತ್ರ” ಎಂದೆ. ದಾವಲಸಾಬ ಪುಸ್ತಿಕೆಯಿಂದ ಬರೆದುಕೊಂಡಿದ್ದ ಚೀಟಿ ತೆಗೆದು, “ಅವ್ವಾರ, ಇದ್ರಾಗ ಪ್ರೋಟೀನು ಐತಿ, ಕಬ್ಬಿಣದ ಅಂಶ ಐತಿ ಅಂತ ಬರದಾರ. ಜಿಡ್ಡೂ ಉಪ್ಪೂ ಭಾಳ ಅಂತನೂ ಬರದಾರ. ಹಂಗಾರ ಒಳ್ಳೇದೋ ಕೆಟ್ಟದ್ದೋ? ನಿಮಗೇನ ಅನಸ್ತೈತ್ರೀ?” ಎಂದು ಕೇಳಿದ.

ಅವ್ವನಿಗೆ ಬಿ.ಪಿ. ಇದೆ. ಡಾಕ್ಟರು ಉಪ್ಪಿನಕಾಯಿ ಬಿಡಿಸಿದ ದಿನದಿಂದ ಉಪ್ಪಿನ ವಿಷಯದಲ್ಲಿ ಅವಳು ಬಹಳ ಚಿಂತನೆ ಮಾಡಿದ್ದಾಳೆ. ರೊಟ್ಟಿ ತಿರುವಿ ಹಾಕುತ್ತ ಹೇಳಿದಳು: “ಸತ್ವ ಇಲ್ದನ ಮಂದಿ ತಿಂತಾರೇನಪಾ? ಇದ್ದೀತು. ಆದ್ರ ಉಪ್ಪಿನಕಾಯಿಗೆ ತಾಟಿನಾಗ ಎಲ್ಲಿ ಜಾಗಾ ಕೊಡ್ತೀವಿ? ತುದೀಗೆ, ಚೂರ. ಅದನ್ನ ಪಲ್ಯಾದ ಜಾಗಾದಾಗ ಬಡಸಿದ್ರ, ತಪ್ಪು ಉಪ್ಪಿನಕಾಯಿದಲ್ಲ, ಬಡಸಿದಾಕಿದು. ತಗೋ, ಇನ್ನೊಂದ್ ರೊಟ್ಟಿ.”

ಮರುದಿನ ನಾನು ಗುಡುಗಿದೆ. ಬೆರಳು ಎತ್ತಿದೆ, ಮೇಜು ಗುದ್ದಿದೆ, ಚಪ್ಪಾಳೆಯೂ ಬಿತ್ತು. ಆಮೇಲೆ ದಾವಲಸಾಬ ಎದ್ದ. ತುಂಗಭದ್ರೆಯ ಆಚೆ ದಂಡೆಯವರನ್ನು ಕೂಗಿ ಕರೆದು ಬೆಳೆದ ಗಂಟಲು ಅವನದು, ಆದರೆ ಅಂದು ಮೆಲ್ಲಗೆ ಮಾತಾಡಿದ. “ನಾನು ಇದನ್ನು ತಿಂದಿಲ್ಲ, ತಿನ್ನುವುದೂ ಇಲ್ಲ. ಆದರೂ ಸತ್ವ ಇರುವುದನ್ನು ಇಲ್ಲ ಎನ್ನಲಾರೆ” ಎಂದು ಶುರು ಮಾಡಿ, ಪ್ರೋಟೀನು, ಕಬ್ಬಿಣ, ಜಿಡ್ಡು, ಉಪ್ಪು ಎಲ್ಲವನ್ನೂ ದಾಟಿ ನಮ್ಮವ್ವನ ತಾಟಿನ ತುದಿಗೆ ಬಂದು ನಿಂತ. ಸಮತೋಲ ಇರುವುದು ಪದಾರ್ಥದಲ್ಲಲ್ಲ, ತಾಟಿನಲ್ಲಿ ಎಂದ. ನಿರ್ಣಾಯಕರಾಗಿ ಕೂತಿದ್ದ ನಿವೃತ್ತ ಜೀವಶಾಸ್ತ್ರದ ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. ನನ್ನನ್ನು ನೋಡಿ, “ತಿನ್ನೋರು ಇಲ್ಲ ಅಂದ ಮಾತ್ರಕ್ಕ ಪದಾರ್ಥದಾಗಿನ ಸತ್ವ ಎಲ್ಲಿ ಹೋಗ್ತದ ಮಾರಾಯಾ?” ಎಂದರು. ಇದಕ್ಕೆ ನನ್ನ ಬಳಿ ಉತ್ತರವಿತ್ತು, ಆದರೆ ಗಂಟೆ ಬಾರಿಸಿದರು.

ಬಹುಮಾನ, ‘ಪ್ರಥಮ ಬಹುಮಾನ’ ಎಂದು ನಡುವೆ ಕೊರೆದ ದೊಡ್ಡ ಸ್ಟೀಲಿನ ತಾಟು. ದಾವಲಸಾಬ ಅದನ್ನು ತೆಗೆದುಕೊಂಡು ಊರಿಗೆ ಹೋಗಿದ್ದರೆ ನಾನು ಕ್ಷಮಿಸುತ್ತಿದ್ದೆ. ಅವನು ನೇರ ನಮ್ಮ ಮನೆಗೆ ಬಂದು, “ಅವ್ವಾರ, ಇದು ನಿಮ್ಮ ಮಾತಿಗೆ ಬಂದದ್ದು” ಎಂದು ಅವ್ವನ ಕೈಯಲ್ಲಿಟ್ಟು, ಮುಂಡರಗಿಯ ಬಸ್ಸು ಹತ್ತಿದ. ಅವ್ವ ಸೆರಗಿನಿಂದ ತಾಟು ಒರೆಸಿದಳು, ಕಣ್ಣೂ ಒರೆಸಿಕೊಂಡಳು. ನಾನು ತಂದ ಬಹುಮಾನಗಳನ್ನು ಅವಳು ಒರೆಸಿದ್ದು ಧೂಳು ಕೂತಾಗ ಮಾತ್ರ.

ಅಂದಿನ ಊಟಕ್ಕೆ ಅದೇ ತಾಟನ್ನು ನನ್ನ ಮುಂದೆ ಇಟ್ಟಳು. ನಾನು ತಡೆದುಕೊಳ್ಳಲಿಲ್ಲ. “ಅಲ್ಲವ್ವಾ, ನಾ ನಿನ್ನ ಮಗಾ. ಗೆಲ್ಲೂ ಮಾತು ಅವಗ್ಯಾಕ ಹೇಳಿದಿ?”

“ಅಂವಾ ಕೇಳಿದಾ. ನೀ ಯಾವತ್ ಕೇಳೀದಿ?”

“ಮಾತು ಹೋಗ್ಲಿ. ಬಿಸಿ ರೊಟ್ಟೀನೂ ಅವಗ. ನನಗ ಹುಟ್ಟಿದಾಗಿಂದ ತಣ್ಣಂದು.”

ಅವ್ವ ಕೊಡಪಾನದಷ್ಟು ದೊಡ್ಡ ಕಣ್ಣು ಮಾಡಿದಳು. “ಏನಂದಿ? ಈರ್ಯಾ, ನಿನಗ ಎಂದಾರ ತಣ್ಣಂದ್ ಹಾಕೇನೇನು? ಹಂಚಿನ ಮ್ಯಾಲಿಂದ ತಗದು ಮೊದಲ ನಿನ್ನ ತಾಟಿಗೇ ಒಗೀತೀನಿ. ನೀ ಮಾತು ಮುಗಿಸೂದ್ರಾಗ ಅದು ಸೆಟೀತೈತಿ. ಆ ಹುಡುಗ ಸುಮ್ನ ಕುಂತು ಉಂಡ, ಬಿಸಿದು ಉಂಡ” ಎನ್ನುತ್ತ ಉಬ್ಬಿದ ರೊಟ್ಟಿಯೊಂದನ್ನು ‘ಪ್ರಥಮ ಬಹುಮಾನ’ದ ಮೇಲೆ ಎಸೆದಳು. ಅಕ್ಷರಗಳು ಉಗಿಯಲ್ಲಿ ಮುಚ್ಚಿಹೋದವು.

ಅವಳ ಈ ವಾದದಲ್ಲಿ ಮೂರು ದೋಷಗಳಿವೆ. ಮೊದಲನೆಯದಾಗಿ, ಇಪ್ಪತ್ತು ವರ್ಷಗಳ ಒಂದೊಂದು ಊಟಕ್ಕೂ ಸಾಕ್ಷಿ ಬೇಕು. ಇದನ್ನು ನಾನು ಬೆರಳು ಮಡಚಿ ತೋರಿಸಿದೆ. ಎರಡನೆಯದಾಗಿ, ಅತಿಥಿಗೂ ಮಗನಿಗೂ ಇರುವ ವ್ಯತ್ಯಾಸವನ್ನು ಅವಳು ಗಣಿಸಿಲ್ಲ. ಇದನ್ನು ಉದಾಹರಣೆ ಕೊಟ್ಟು ವಿವರಿಸುತ್ತಿದ್ದೆ. ಅವ್ವ ನನ್ನ ತಾಟಿನ ಕಡೆ ನೋಡಿದಳು. ನಾನೂ ನೋಡಿದೆ.

ರೊಟ್ಟಿ ಸೆಟೆದುಕೊಂಡು ಅಂಚು ಮೇಲೆತ್ತಿತ್ತು. ಅದರ ಅಡಿಯಿಂದ ‘ಪ್ರಥಮ’ ಎಂಬುದು ಮಾತ್ರ ಇಣುಕುತ್ತಿತ್ತು.