ನಿಧಾನದ ದೊರೆ

“ನಿನ್ನ ಪೆಟ್ಟಿಗೆ ಒಳಗೆ ಯಾರೋ ನರಳ್ತಿದ್ದಾರೆ ಕಣಪ್ಪ. ಬೆಳಿಗ್ಗೆಯಿಂದ ಕೇಳ್ತಿದ್ದೀನಿ. ಹೊರಗೆ ಬಿಡು, ಇಲ್ಲಾ ಔಷಧಿ ಕೊಡ್ಸು.”

ಬಾಗಿಲಿಗೆ ಒರಗಿ ಹೀಗೆಂದವರು ಮೇಲಿನ ಮನೆಯ ಮಹಡಿ ದೊಡ್ಡಮ್ಮ. ಕೆಳಗಿನ ಮನೆಯಲ್ಲಿ ಸೂಜಿ ಬಿದ್ದರೂ ಅದು ಯಾವ ನಂಬರಿನ ಸೂಜಿ ಎಂದು ಇಳಿದುಬಂದು ವಿಚಾರಿಸುವ ಜೀವ.

“ಅದು ನರಳಾಟ ಅಲ್ಲ ದೊಡ್ಡಮ್ಮ. ಜಾಝ್.”

“ಹೆಸರು ಗೊತ್ತಾಗಿದೆ ಅಂದ್ರೆ ಡಾಕ್ಟರಿಗೆ ತೋರ್ಸಿದ್ದೀಯ. ವಾಸಿ ಆಗಲ್ವಂತಾ?”

ಕನ್ನಡಕದಂಗಡಿಯವನು ಪೆಟ್ಟಿಗೆಯ ಮುಚ್ಚಳ ಹಾಕಿ ಅಂಗಡಿಗೆ ಹೊರಡಲು ಎದ್ದ. ಆತನನ್ನು ಬೀದಿಯವರೆಲ್ಲ ಕಹಳೆ ಎನ್ನುತ್ತಿದ್ದರು. ಕಹಳೆ ಊದಲು ಬರುತ್ತಿತ್ತೆಂದಲ್ಲ. ಊದುವವರ ಬಗ್ಗೆ ಮಾತಾಡಲು ಬರುತ್ತಿತ್ತು, ನಿಲ್ಲಿಸಲು ಬರುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಜಗತ್ತಿನ ಜಾಝ್ ವಾದಕರಲ್ಲಿ ಮುಕ್ಕಾಲು ಪಾಲು ಜನ ಬರಿ ಅವಸರದ ಪ್ರಾಣಿಗಳು. ರೇಡಿಯೋದಲ್ಲಿ ಸ್ಯಾಕ್ಸೊಫೋನ್ ಕೇಳಿದರೆ “ಬಸ್ಸು ತಪ್ಪೋಯ್ತು ಅಂತ ಓಡ್ತಿದ್ದಾನೆ” ಎನ್ನುವನು. ಪಿಯಾನೊ ಆದರೆ “ಬೀಗದ ಕೈ ಹುಡುಕ್ತಿದ್ದಾನೆ.” ಡ್ರಮ್ಮಾದರೆ “ಪಾತ್ರೆ ಅಂಗಡಿಯವರು ಮನೆ ಖಾಲಿ ಮಾಡ್ತಿದ್ದಾರೆ.” ರೆಕಾರ್ಡು ತಿರುಗಿಸುವ ತನ್ನ ಹಳೆಯ ಯಂತ್ರದ ಮೇಲೆ ಮನೆಯಲ್ಲಿ ಕೇಳಿದವರೆಲ್ಲ ಗಂಭೀರರು, ಹೊರಗೆ ಕೇಳಿದವರೆಲ್ಲ ಪುಕ್ಕಲು ಓಟದವರು. ಈ ವ್ಯತ್ಯಾಸ ತನ್ನ ಆಯ್ಕೆಯ ಮಹಿಮೆ ಎಂದು ಆತ ಪ್ರಾಮಾಣಿಕವಾಗಿ ನಂಬಿದ್ದ.

ಆ ಗಂಭೀರರಿಗೆಲ್ಲ ದೊರೆಯೆಂದರೆ ಒಬ್ಬ ಟ್ರಂಪೆಟ್ಟಿನವನು. ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಆ ರೆಕಾರ್ಡಿನ ಮೇಲಿನ ಚೀಟಿ ಸವೆದುಹೋಗಿತ್ತು. ವಾದಕನ ಹೆಸರೂ ಇಲ್ಲ, ಹಾಡಿನ ಹೆಸರೂ ಇಲ್ಲ. ಕಹಳೆಯೇ ಅವನಿಗೆ ನಿಧಾನದ ದೊರೆ ಎಂದು ನಾಮಕರಣ ಮಾಡಿದ್ದ. ರೆಕಾರ್ಡಿನ ಲಕೋಟೆಯೊಳಗೆ ಒಂದು ಹಳೆಯ ಫೋಟೋ ಕೂಡ ಇತ್ತು: ತೊಡೆಯ ಮೇಲೆ ಟ್ರಂಪೆಟ್ಟು, ಕೆನ್ನೆಗೆ ಕೈ, ಅರೆಮುಚ್ಚಿದ ಕಣ್ಣು. ಲೋಕದ ದುಃಖವನ್ನೆಲ್ಲ ಒಬ್ಬನೇ ಹೊತ್ತವನ ಮುಖ.

ಇವತ್ತು ಸಂಜೆ ಆ ರೆಕಾರ್ಡು ಮೊದಲ ಬಾರಿಗೆ ಮನೆಯ ಹೊಸ್ತಿಲು ದಾಟಬೇಕಿತ್ತು. ಕೇಳುಗರ ಕೂಟದ ಅಧ್ಯಕ್ಷರಾದ ನಿವೃತ್ತ ಜಡ್ಜು ಕುರ್ಚಿ ಬಿಟ್ಟುಕೊಡುವವರಿದ್ದರು. ಎರಡು ಸ್ಪೀಕರುಗಳ ನಡುವೆ ಸರಿಯಾಗಿ ಇಟ್ಟ ಮೆತ್ತನೆಯ ಕುರ್ಚಿ ಅದು. ಅಲ್ಲಿ ಕೂತವರು ಪ್ರತಿ ರೆಕಾರ್ಡು ಮುಗಿದಾಗ “ಇರಲಿ” ಅಥವಾ “ತೆಗೀರಿ” ಎನ್ನುತ್ತಿದ್ದರು. ಅದಕ್ಕೆ ಅಪೀಲಿಲ್ಲ. ಜಡ್ಜ್ ಸಾಹೇಬರಿಗೆ ಕಿವಿ ಹೋಗಿ ಎರಡು ವರ್ಷವಾಗಿತ್ತು. ತೀರ್ಪುಗಳ ಗುಣಮಟ್ಟದಲ್ಲಿ ಯಾರಿಗೂ ವ್ಯತ್ಯಾಸ ಕಂಡಿರಲಿಲ್ಲ. ಉತ್ತರಾಧಿಕಾರಿಯನ್ನು ಅವರೇ ಕೂರಿಸುವುದು ಕೂಟದ ಪದ್ಧತಿ. ಕುರ್ಚಿಯ ಮೇಲೆ ಕಣ್ಣಿಟ್ಟವರು ಇಬ್ಬರು: ಕಹಳೆ ಮತ್ತು ಹಲ್ಲಿನ ಡಾಕ್ಟರು.

ಮಧ್ಯಾಹ್ನವಿಡೀ ಕಹಳೆ ಅಂಗಡಿಯಲ್ಲಿ ಗಿರಾಕಿಗಳ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಲೇ ಭಾಷಣ ಅಭ್ಯಾಸ ಮಾಡಿದ. “ಅವನು ಊದೋದಿಲ್ಲ, ಕಾಯ್ತಾನೆ” ಎಂದು ಹೇಳಿದ್ದಕ್ಕೆ ಒಬ್ಬ ಮುದುಕ “ನಾನೂ ಆವಾಗಿಂದ ಕಾಯ್ತಿದ್ದೀನಿ” ಎಂದ. ಇಂಥ ಜನರ ಮಧ್ಯೆ ಸಂಗೀತ ಬದುಕುವುದು ಹೇಗೆ ಎಂದುಕೊಂಡು ಕಹಳೆ ಅಂಗಡಿಗೆ ಬೀಗ ಹಾಕಿದ.

ಮನೆಗೆ ಬಂದು ತನ್ನ ಯಂತ್ರವನ್ನೇ ಎತ್ತಿಕೊಂಡ. ಕೂಟದ ಯಂತ್ರ ವಿಪರೀತ ಓಡುತ್ತದೆಂದು ಆತ ಮೊದಲಿನಿಂದಲೂ ಜಗಳ ತೆಗೆಯುತ್ತಿದ್ದ. ಹೆಂಡತಿ ಏನೋ ಹೇಳಹೊರಟಳು. “ಬಂದ ಮೇಲೆ” ಎಂದ. ಮಹಡಿ ದೊಡ್ಡಮ್ಮ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದರು.

“ನಾನೂ ಬರ್ತೀನಿ. ನರಳೋನು ಹೇಗಿದ್ದಾನೆ ನೋಡ್ಬೇಕು.”

“ಅಲ್ಲಿ ಮಾತಾಡೋ ಹಾಗಿಲ್ಲ ದೊಡ್ಡಮ್ಮ.”

“ನಾನೆಲ್ಲಿ ಮಾತಾಡ್ತೀನಿ?” ಎಂದು ದೊಡ್ಡಮ್ಮ ದಾರಿಯುದ್ದಕ್ಕೂ ಅದನ್ನೇ ವಿವರಿಸಿದರು.

ಕೂಟದಲ್ಲಿ ಕಹಳೆ ಮೊದಲು ಉಳಿದ ವಾದಕರ ಶ್ರಾದ್ಧ ಮಾಡಿದ. ಆಮೇಲೆ ಫೋಟೋವನ್ನು ಕೈಯಿಂದ ಕೈಗೆ ಕಳಿಸಿದ. “ಈ ಮುಖ ನೋಡಿ. ಮಗು ಕಳ್ಕೊಂಡ ತಂದೆಯ ಮುಖ. ಇನ್ನು ನೀವು ಕೇಳೋದು ಸಾವಿನ ಮೆರವಣಿಗೆ. ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಒಂದು ಜನ್ಮ ಕಳೆಯತ್ತೆ.”

ಫೋಟೋ ಹಲ್ಲಿನ ಡಾಕ್ಟರ ಕೈಗೆ ಬಂತು. ಅವರು ಅದನ್ನು ದೀಪಕ್ಕೆ ಹಿಡಿದರು, ಓರೆ ಮಾಡಿದರು.

“ಮಗು ವಿಷಯ ಗೊತ್ತಿಲ್ಲ. ಎಡಗಡೆ ಕೆಳಗಿನ ದವಡೆ ಹಲ್ಲು ಮಾತ್ರ ಕೆಟ್ಟಿದೆ. ಊತ ನೋಡಿ, ಕಿವಿವರೆಗೂ ಹತ್ತಿದೆ. ಇವನನ್ನ ಫೋಟೋಗೆ ಕೂರಿಸಿದೋರು ಕಟುಕರು.”

ನಾಲ್ಕಾರು ಜನ ಕೆಮ್ಮಿದ ಹಾಗೆ ನಕ್ಕರು.

“ಹಲ್ಲು ಕೀಳೋರಿಗೆ ಎಲ್ಲಾ ಹಲ್ಲಾಗೇ ಕಾಣತ್ತೆ” ಎಂದ ಕಹಳೆ. “ಸಂಗೀತ ಉತ್ತರ ಹೇಳತ್ತೆ, ಕೇಳಿ.”

ಮುಳ್ಳನ್ನು ರೆಕಾರ್ಡಿನ ಮೇಲಿಟ್ಟ. ಕಣ್ಣು ಮುಚ್ಚಿದ.

ನಿಧಾನದ ದೊರೆ ಕೋಣೆಯೊಳಕ್ಕೆ ಹಾರಿಬಿದ್ದ. ಕಟ್ಟಿದ ಹಗ್ಗ ಕಿತ್ತುಕೊಂಡ ಕರುವಿನ ಹಾಗೆ ಟ್ರಂಪೆಟ್ಟು ನೆಗೆಯಿತು, ಹಿಂದೆಯೇ ಡ್ರಮ್ಮು ಬಾಲ ಎತ್ತಿ ಓಡಿತು. ಇಂಥ ಮೆರವಣಿಗೆ ಹೊರಟರೆ ಹೆಣವೇ ಎದ್ದು ತಾಳ ಹಾಕಬೇಕು. ಹಿಂದಿನ ಸಾಲಿನವರು ತಲೆ ಕುಣಿಸಿದರು. ಮುಂದಿನ ಸಾಲಿನಲ್ಲಿ ಔಷಧಿ ಅಂಗಡಿಯವನ ಕಾಲು ಅವನ ಅಪ್ಪಣೆಯಿಲ್ಲದೆ ನೆಲ ಬಡಿಯತೊಡಗಿತು.

“ಈಗ ಹುಷಾರಾದ ನೋಡು” ಎಂದರು ಮಹಡಿ ದೊಡ್ಡಮ್ಮ, ತೃಪ್ತಿಯಿಂದ.

ಕಹಳೆ ಮುಳ್ಳೆತ್ತಿದ. “ದೊಡ್ಡಮ್ಮ. ಏನ್ ಮಾಡಿದ್ರಿ?”

“ನಾನೇನ್ ಮಾಡ್ಲಿ? ಮಧ್ಯಾಹ್ನ ನೀನು ಅಂಗಡೀಲಿದ್ದಾಗ ಕೆಳಗೆ ಬಂದೆ, ಪೆಟ್ಟಿಗೆ ಬಿಚ್ಚಿ ನೋಡಿದೆ. ಒಳಗೆಲ್ಲ ಜಿಡ್ಡು, ಹೆಂಗಸರ ಕೂದಲು, ಒಂದು ಗುಂಡಿ. ನಿನ್ನ ಹೆಂಡ್ತಿ ಹೊಲಿಗೆ ಯಂತ್ರದ ಎಣ್ಣೆ ಕೊಟ್ಳು, ನಾಲ್ಕು ಹನಿ ಬಿಟ್ಟೆ. ಪಾಪ, ಅದಕ್ಕೂ ಕೀಲುನೋವು.”

“ಎಣ್ಣೆ ಹೆಚ್ಚಾಗಿ ಓಡ್ತಿದೆ” ಎಂದ ಕಹಳೆ ಸಭೆಯ ಕಡೆ ತಿರುಗಿ. “ಇದು ಅವನಲ್ಲ. ಇದು ಎಣ್ಣೆ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ” ಎಂದರು ಹಲ್ಲಿನ ಡಾಕ್ಟರು. “ಪರೀಕ್ಷೆ ಮಾಡೇ ಬಿಡೋಣ.” ಕೂಟದ ಯಂತ್ರದ ಮೇಲೆ ಕಹಳೆ ಹೊರಿಸುತ್ತಿದ್ದ ಅಪವಾದ ಕೇಳಿ ಕೇಳಿ ಅವರು ಗೆರೆಗೆರೆಯ ಒಂದು ರಟ್ಟಿನ ಬಿಲ್ಲೆ ತರಿಸಿ ಜೇಬಿನಲ್ಲೇ ಇಟ್ಟುಕೊಂಡಿದ್ದರು. ತಿರುಗುವ ಯಂತ್ರದ ಮೇಲಿಟ್ಟು ದೀಪ ಹಿಡಿದರೆ, ವೇಗ ಸರಿಯಿದ್ದಲ್ಲಿ ಗೆರೆಗಳು ನಿಂತ ಹಾಗೆ ಕಾಣುತ್ತವೆ, ತಪ್ಪಿದ್ದಲ್ಲಿ ಜಾರುತ್ತವೆ.

ಎಲ್ಲರೂ ಬಗ್ಗಿ ನೋಡಿದರು. ಗೆರೆಗಳು ಫೋಟೋಗೆ ಕೂತ ಹಾಗೆ ನಿಂತಿದ್ದವು.

ಕೂಟದ ಯಂತ್ರದ ಮೇಲಿಟ್ಟರು. ಅಲ್ಲೂ ನಿಂತವು.

“ಅಂದ್ರೆ ಇಷ್ಟು ವರ್ಷ ನೀವು ಬೈದಿದ್ದು ವಾದಕರನ್ನೇ” ಎಂದರು ಡಾಕ್ಟರು ಬಹಳ ಮೃದುವಾಗಿ, ಹಲ್ಲು ಕೀಳುವ ಮುಂಚಿನ ದನಿಯಲ್ಲಿ. “ಹೊಗಳಿದ್ದು ಮಾತ್ರ ಜಿಡ್ಡನ್ನ.”

ಕಹಳೆ ಬಿಲ್ಲೆಯನ್ನು ಎತ್ತಿ ಅದರ ಹಿಂಬದಿ ನೋಡಿದ. ಡಾಕ್ಟರು ಆಗಲೇ ಕೋಟಿನ ತುದಿ ಎತ್ತಿ, ಕೂರಲು ಸಿದ್ಧರಾಗಿ ಕುರ್ಚಿಯ ಕಡೆ ನಡೆಯುತ್ತಿದ್ದರು. ಆಗ ಜಡ್ಜ್ ಸಾಹೇಬರು ಕೈ ಎತ್ತಿದರು.

“ನನಗೇನೂ ಕೇಳ್ಸಿಲ್ಲ” ಎಂದರು. “ಆದ್ರೆ ನೋಡ್ದೆ. ಈ ಕೂಟ ಶುರುವಾದಾಗಿಂದ ಇವತ್ತೇ ಇಲ್ಲಿ ಜನರ ಕಾಲು ಅಲ್ಲಾಡಿದ್ದು. ಅದನ್ನ ಮಾಡಿಸಿದೋರು ಯಾರು?”

ಔಷಧಿ ಅಂಗಡಿಯವನು ಒಂದು ಚೀಟಿಯಲ್ಲಿ ಬರೆದು ತೋರಿಸಿದ. ಜಡ್ಜ್ ಸಾಹೇಬರು ಎದ್ದು, ಡಾಕ್ಟರನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿ, ಮಹಡಿ ದೊಡ್ಡಮ್ಮನ ಮುಂದೆ ಬಗ್ಗಿದರು. “ಬನ್ನಿ ತಾಯಿ.”

“ನನಗೆ ಇದೆಲ್ಲ ಏನ್ ಗೊತ್ತು?”

“ನಮಗೂ ಗೊತ್ತಿರ್ಲಿಲ್ಲ ಅಂತ ಈಗ ತಾನೆ ಗೊತ್ತಾಯ್ತು” ಎಂದು ಹಿಂದಿನಿಂದ ಯಾರೋ ಅಂದರು.

ದೊಡ್ಡಮ್ಮ ಮೆತ್ತೆಯನ್ನು ಎರಡು ಸಲ ಒತ್ತಿ ನೋಡಿ ಕೂತರು. ಕುರ್ಚಿ ತನಗೆ ತಪ್ಪಿತಲ್ಲ ಎನ್ನುವುದಕ್ಕಿಂತ ಕಹಳೆಗೂ ತಪ್ಪಿತಲ್ಲ ಎಂದು ಡಾಕ್ಟರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅಂದು ಇನ್ನೂ ಐದಾರು ರೆಕಾರ್ಡು ಹಾಕಿದರು. ದೊಡ್ಡಮ್ಮ ಎಲ್ಲದಕ್ಕೂ “ಇರಲಿ” ಎಂದರು. ಕಹಳೆ ತಂದ ಎರಡನೆಯದಕ್ಕೆ ಮಾತ್ರ ಸ್ವಲ್ಪ ಯೋಚಿಸಿ, “ತೆಗಿಯಪ್ಪ” ಎಂದರು.

ಯಂತ್ರ ಹೊತ್ತು ಮನೆಗೆ ಬಂದಾಗ ಹೆಂಡತಿ ಕೇಳಿದಳು, “ಬಂದ ಮೇಲೆ ಹೇಳು ಅಂದಿದ್ರಲ್ಲ, ಈಗ ಹೇಳ್ಲಾ?”

“ಬೇಡ.”

“ಎಣ್ಣೆ ವಿಷಯ.”

“ಬೇಡ ಅಂದ್ನಲ್ಲ.”

ಅವಳು ಒಳಗೆ ಹೋದಳು. ಕಹಳೆ ಬಾಗಿಲು ಮುಂದಕ್ಕೆಳೆದು, ದೊರೆಯನ್ನು ಯಂತ್ರದ ಮೇಲಿಟ್ಟ. ದೊರೆ ನೆಗೆಯುವ ಮೊದಲೇ ರೆಕಾರ್ಡಿನ ಅಂಚಿಗೆ ತೋರುಬೆರಳು ತಾಗಿಸಿ ಮೆಲ್ಲಗೆ ಒತ್ತಿದ. ಒತ್ತಿದಷ್ಟೂ ಟ್ರಂಪೆಟ್ಟು ತಗ್ಗಿತು, ತಡವರಿಸಿತು, ಕೊನೆಗೆ ಮೊದಲಿನ ಹಾಗೇ ನರಳತೊಡಗಿತು. ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಒಂದು ಜನ್ಮ ಕಳೆಯಿತು. ಕಹಳೆಯ ಕಣ್ಣು ತುಂಬಿ ಬಂತು.

ಮೇಲಿನ ಮನೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಕಿಟಕಿಯ ಹೊರಗೆ, ದಾರಕ್ಕೆ ಕಟ್ಟಿದ ಎಣ್ಣೆ ಡಬ್ಬಿಯೊಂದು ನಿಧಾನವಾಗಿ ಇಳಿದು ಬಂದು, ಅವನ ಮೂಗಿನ ನೇರಕ್ಕೆ ನಿಂತಿತು.