ಚೋಮಿಯ ಟೆರೇಸ್ ಮನೆ

ಒಲೆಯ ಹತ್ತಿರ ಸರಿದು ಕೂತುಕೊಳ್ಳಿ ಮಕ್ಕಳೇ, ನಡುವೆ ಬಾಯಿ ಹಾಕಬೇಡಿ. ನೆಲ್ಯಹುದಿಕೇರಿ ಕಡೆಯ ಎಸ್ಟೇಟಿನಲ್ಲಿ ಚೋಮಿ ಇರುವ ಲೈನ್ ಮನೆ, ಅಂದರೆ ಕೂಲಿಯಾಳುಗಳ ಸಾಲುಮನೆ, ಸೋರುವುದಿಲ್ಲ. ಇದು ಪಂಚಾಯಿತಿ ಒಪ್ಪಿದ ಸಂಗತಿ.

ಸೋರುತ್ತದೆ, ಅದು ಬೇರೆ ಮಾತು. ಮಗಳು ಮುದ್ದಿ ಹೆರಿಗೆಗೆ ಬಂದಿದ್ದಳು, ಕಕ್ಕಡ ತಿಂಗಳ ಜಡಿಮಳೆ ಬೇರೆ ಹಿಡಿದಿತ್ತು. ಹೆತ್ತ ಮೇಲೆ ಬಾಣಂತಿಯನ್ನು ಎಲ್ಲಿ ಮಲಗಿಸುವುದು? ಚೋಮಿ ಪಂಚಾಯಿತಿಗೆ ಹೋಗಿ ನಾಲ್ಕು ಹೆಂಚು ಕೇಳಿದಳು.

ಅದೇ ಹೊತ್ತಿಗೆ ಹಳೇ ಕಟ್ಟಡಗಳ ಅಧಿಕಾರಿ ಕೀರ್ತಿಕುಮಾರರು ಇಂಗ್ಲೆಂಡಿನ ಒಂದು ಪಟ್ಟಣ ನೋಡಿ ಬಂದಿದ್ದರು. ಅಲ್ಲಿ ಜಾರ್ಜ್ ಎಂಬ ರಾಜರ ಕಾಲದ ಮನೆಗಳಂತೆ. ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆಯಂತೆ, ಎರಡು ಮನೆಗೆ ಒಂದೇ ಗೋಡೆ, ಎಲ್ಲಕ್ಕೂ ಒಂದೇ ಥರದ ಬಾಗಿಲು. ಅಂಥ ಸಾಲಿಗೆ ಅಲ್ಲಿನವರು ಟೆರೇಸ್ ಅನ್ನುತ್ತಾರಂತೆ. ಸಾಹೇಬರು ನಮ್ಮ ಲೈನ್ ನೋಡಿದವರೇ ಕಣ್ಣೊರೆಸಿಕೊಂಡು, ‘ಜಾರ್ಜಿಯನ್ ಟೆರೇಸ್’ ಎಂದು ಬೋರ್ಡು ಹೊಡೆಸಿದರು. ಕೆಳಗೆ ನಿಯಮ: ‘ಒಡೆದ ಹೆಂಚನ್ನು ಒಡೆದಂತೆಯೇ ಕಾಪಾಡತಕ್ಕದ್ದು.’

ಚೋಮಿಗೆ ಹಿಗ್ಗೋ ಹಿಗ್ಗು. "ಟೆರೇಸಾ ಸ್ವಾಮಿ? ಕಾಂಕ್ರೀಟು ಯಾವಾಗ ಹಾಕ್ತೀರಿ?"

"ಹಾಕೋದೇನಿಲ್ಲಮ್ಮ. ಆಗಲೇ ಟೆರೇಸ್ ಆಗಿದೆ."

ಪಂಚಾಯಿತಿಯಲ್ಲಿ ಟೆರೇಸ್ ಅಂದರೆ ತಾರಸಿಯೇ. ಟೆರೇಸ್ ಮನೆಗೆ ಹೆಂಚು ಕೊಡುವ ಕ್ರಮವಿಲ್ಲ ಎಂದರು. ಚೋಮಿ ಬಿಡಲಿಲ್ಲ, ಗುಮಾಸ್ತೆ ಕಮಲಳನ್ನು ಮನೆಗೇ ಕರೆತಂದಳು. ಒಳಗೆ ಕಾಲಿಟ್ಟದ್ದೇ ಕಮಲಳ ನೆತ್ತಿಗೆ ನೀರು. ಅವಳು ಸೆರಗಿನಿಂದ ಒರೆಸಿಕೊಂಡು ಯೋಚಿಸಿದಳು.

"ಟೆರೇಸ್ ಮನೇಲಿ ಮೇಲಿನ ಮಾಡಿಂದ ನೀರು ಬರಲ್ಲ ಚೋಮಿ. ಒಳಗೆ ನೀರು ಬರ್ತಿದೆ ಅಂದ್ರೆ ಅದು ನಲ್ಲಿ."

"ನಿಲ್ಲಿಸೋದು ಹೇಗಕ್ಕ?"

"ತಿರುಗಿಸು."

ಹಾಗೆ ಲೈನಿಗೆಲ್ಲ ನಲ್ಲಿ ಬಂದಿದೆ ಎಂದು ದಾಖಲಾಯಿತು. ಅಷ್ಟರಲ್ಲಿ ಮುದ್ದಿಗೆ ನೋವು ಶುರು. ಚೋಮಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತೀರ್ಥಪ್ರಸಾದನ ಬಾಗಿಲಲ್ಲಿ ನಿಂತಳು. ಅವನು ಗೋಡೌನಿನ ಬೀಗ ತೆಗೆದ. ಕಾಫಿ ಒದ್ದೆಯಾದರೆ ಧಣಿಗಳಿಗೆ ನಷ್ಟ, ಆದ್ದರಿಂದ ಅಲ್ಲಿ ಒಂದು ಹನಿಯೂ ಬೀಳುವುದಿಲ್ಲ. ಮುದ್ದಿ ಅಲ್ಲೇ ಹೆತ್ತಳು. ಗೋಡೌನಿನಲ್ಲಿ ಕಾಫಿ ಬಿಟ್ಟು ಬೇರೇನೂ ಇಡುವ ಹಾಗಿಲ್ಲವಲ್ಲ, ಅದಕ್ಕೆ ತಾಯಿಯನ್ನು ಒಂದು ಮೂಟೆ, ಮಗುವನ್ನು ಸ್ಯಾಂಪಲ್ ಎಂದು ಬರೆದುಕೊಂಡ.

ಕೀರ್ತಿಕುಮಾರರು ಬಡ್ತಿ ಪಡೆದು ಇನ್ನೊಂದು ಪಟ್ಟಣ ನೋಡಲು ಹೋಗಿದ್ದಾರೆ. ಕಮಲ ಪಕ್ಕದ ಎಸ್ಟೇಟಿನ ಲೈನುಗಳಿಗೂ ನಲ್ಲಿ ಕೊಡಿಸುತ್ತಿದ್ದಾಳೆ. ಧಣಿಗಳು ಸ್ಯಾಂಪಲ್ ನೋಡಿ ಮೆಚ್ಚಿದರಂತೆ, ತೀರ್ಥಪ್ರಸಾದನ ಕೆಲಸ ಉಳಿಯಿತು. ಮುದ್ದಿಯೂ ಹೆಣ್ಣುಮಗುವೂ ಮೂಟೆಗಳ ನಡುವೆ ಬೆಚ್ಚಗಿದ್ದಾರೆ, ಕಾಫಿಗೆ ರೇಟು ಬಂದು ಮೂಟೆಗಳು ಹೊರಡುವ ತನಕ. ಚೋಮಿ ಮಾತ್ರ ಟೆರೇಸ್ ಬಿಟ್ಟು ಕದಲಿಲ್ಲ. ಚೆಂಬು, ಬೋಗುಣಿ, ಬಕೆಟು ಎಲ್ಲ ಸಾಲಾಗಿ ಇಟ್ಟೇ ಮಲಗುತ್ತಾಳೆ. ನಲ್ಲಿ ನೀರು, ಪೋಲಾಗಬಾರದಲ್ಲ.